ಸೀನಿಯರ್ ಅಕ್ಕನ ತಪ್ಪು ತೋರಿಸಿದ್ದೇ ತಪ್ಪಾಯ್ತಾ?

ಮೆಡಿಸಿನ್ ವಾರ್ಡಿಗೆ ನರ್ಸ್ ಆಗಿ ಬಂದು ಆರು ತಿಂಗಳು. ಸೋಮವಾರ ರಾತ್ರಿ ಡ್ಯೂಟಿ ವಹಿಸಿಕೊಳ್ಳುವಾಗ ಟ್ರೇಯಲ್ಲಿ 40ರ (ಅಂದ್ರೆ ಒಂದು ಎಂಎಲ್‌ಗೆ 40 ಯೂನಿಟ್) ಇನ್ಸುಲಿನ್ ಬಾಟಲಿ, ಪಕ್ಕದಲ್ಲೇ ಬಳಸಿದ ಕಿತ್ತಳೆ ಮುಚ್ಚಳದ ಸಿರಿಂಜ್. ಅದು 100ರದ್ದು, ಎಂಎಲ್‌ಗೆ 100 ಯೂನಿಟ್ ಇರೋ ಇನ್ಸುಲಿನ್ನಿಗೆ ಗೆರೆ ಹಾಕಿದ್ದು! 20ರ ಗೆರೆವರೆಗೆ ಎಳೆದರೆ ಪೇಶೆಂಟ್ ಅಜ್ಜನಿಗೆ 20 ಯೂನಿಟ್ ಬದಲು ಹೋಗೋದು ಬರೀ 8 ಯೂನಿಟ್. ಕೇಳಿದ್ದಕ್ಕೆ ಅಕ್ಕ, "ನೀನು ಹುಟ್ಟೋಕೆ ಮುಂಚಿಂದ ಚುಚ್ತಿದೀನಿ" ಅಂತ ಬ್ಯಾಗ್ ಹಾಕ್ಕೊಂಡು ಹೊರಟೇಬಿಟ್ರು. ಶುಗರ್ ನೋಡಿ ಡ್ಯೂಟಿ ಡಾಕ್ಟ್ರಿಗೆ ಫೋನ್ ಮಾಡಿದೆ. ಅವತ್ತಿಂದ ಅಕ್ಕ ಟೀಗೂ ಕರೀತಿಲ್ಲ.

ಉತ್ತರ: ಡಾಕ್ಟ್ರಿಗೆ ಹೇಳಿದ್ದು ಸರಿ. ನೋಟ್ಸಲ್ಲಿ ಟೈಮ್ ಹಾಕಿ ಬರೆದಿದ್ದೀರಾ? ಇಲ್ಲಾಂದ್ರೆ ನಾಳೆ ನಿಮ್ಮ ತಲೆಗೇ ಬರುತ್ತೆ.

ಉತ್ತರ: ನಾನೂ ಅಂಥ ಅಕ್ಕನೇ ಕಣಮ್ಮ. ಮೂವತ್ತು ಪೇಶೆಂಟಿಗೆ ಒಬ್ಬಳೇ ಇದ್ದಾಗ ಕೈಗೆ ಸಿಕ್ಕಿದ ಸಿರಿಂಜ್ ಎತ್ಕೊಂಡುಬಿಡ್ತೀವಿ. ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಎಲ್ಲರೆದುರು ಕೇಳಿದ್ಯಾ?

ಉತ್ತರ: ನಮ್ಮಲ್ಲಿ 40ರ ಬಾಟಲಿ ಜೊತೆ ಕೆಂಪು ಮುಚ್ಚಳದ ಸಿರಿಂಜ್ ಒಂದೇ ಡಬ್ಬಿಯಲ್ಲಿಡ್ತೀವಿ. ಕಿತ್ತಳೆಯದನ್ನ ಇಂಡೆಂಟಲ್ಲೇ (ಸ್ಟೋರಿಂದ ಸಾಮಾನು ತರಿಸೋ ಪಟ್ಟಿ) ಬರೆಯಲ್ಲ.

ಪ್ರಶ್ನೆ ಕೇಳಿದವಳು: ನೋಟ್ಸ್ ಬರೆದಿದೀನಿ. ಹ್ಞೂಂ, ಎಲ್ಲರೆದುರೇ ಕೇಳಿದ್ದೆ, ಅಜ್ಜನ ಮಗಳೂ ಅಲ್ಲೇ ಇದ್ರು. ನಾಳೆ ಅಕ್ಕನಿಗೂ ನನಗೂ ಒಟ್ಟಿಗೆ ಮಧ್ಯಾಹ್ನದ ಡ್ಯೂಟಿ. ಡಬ್ಬಿ ನಾನೇ ತಗೊಂಡು ಹೋಗ್ತೀನಿ, ಲೇಬಲ್ ಅವರ ಕೈಲೇ ಬರೆಸ್ತೀನಿ. ಅಕ್ಷರ ಅವರದ್ದೇ ಚೆನ್ನಾಗಿದೆ.