ಕೂಡಿಕೆ, ಮೈದುನ: ಹಳೆಯ ಪತ್ರದ ಎರಡು ಪದಗಳು

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ಬಗ್ಗೆ ಕೇಳಬೇಕಿತ್ತು. ಒಂದು ‘ಕೂಡಿಕೆ’, ಇನ್ನೊಂದು ‘ಮೈದುನ’. ಎರಡನೆಯದು ಎಲ್ಲರಿಗೂ ಗೊತ್ತಿರುವ ಪದ, ಅದರಲ್ಲಿ ಕೇಳೋದೇನಿದೆ ಅನ್ನಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಈಗ ನಮ್ಮ ಮನೆಯಲ್ಲಿ ಜಗಳ ನಡೆಯುತ್ತಿರುವುದೇ ಆ ಪದದ ಮೇಲೆ.

ನಾವು ಇರುವುದು ವಿಜಯನಗರದಲ್ಲಿ. ಮೂಲ ಊರು ಕೆಂಗೇರಿ ಹೋಬಳಿಯ ಒಂದು ಹಳ್ಳಿ. ಈಗ ಹಳ್ಳಿ ಅನ್ನುವುದು ಹೆಸರಿಗಷ್ಟೇ, ರಾಗಿ ಹೊಲ ಇದ್ದ ಕಡೆಯೆಲ್ಲ ಸೈಟುಗಳು. ಹೋದ ವರ್ಷ ಅತ್ತೆಯ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಅದರಲ್ಲಿ ಮೂರು ಕಾಗದ ಸಿಕ್ಕವು. ನನ್ನ ಚಿಕ್ಕಪ್ಪನ ಮಗ, ವರಸೆಯಲ್ಲಿ ನನಗೆ ತಮ್ಮ, ಕಂಪ್ಯೂಟರಿನಲ್ಲಿ ನಮ್ಮ ವಂಶವೃಕ್ಷ ಮಾಡುತ್ತಿದ್ದಾನೆ. ಅವನಿಗಂತೂ ಹಬ್ಬವೇ ಆಯಿತು. ನಮ್ಮ ಮುತ್ತಜ್ಜಿಯ ಹೆಸರು ಮೂರರಲ್ಲೂ ಇತ್ತು, ಅಥವಾ ಇದೆ ಅಂದುಕೊಂಡಿದ್ದೆವು. ಮನೆಯವರ ಹೆಸರು ಇಲ್ಲಿ ಬೇಡ. ಕಾಗದಗಳಲ್ಲಿ ಬರುವ ಇಬ್ಬರು ಗಂಡಸರನ್ನು ಮೊದಲನೆಯವನು, ಎರಡನೆಯವನು ಎಂದು ಕರೆಯುತ್ತೇನೆ.

ಎಲ್ಲಕ್ಕಿಂತ ಹಳೆಯದು ಒಂದು ಭೋಗ್ಯಪತ್ರ. ಬರೆಸಿಕೊಟ್ಟವನು ಮೊದಲನೆಯವನು. ಮನೆ ಖರ್ಚಿಗೆ ಸಾಲ ತಗೊಂಡು ಹೊಲವನ್ನು ಭೋಗ್ಯಕ್ಕೆ ಹಾಕಿದ್ದಾನೆ. ಹೆಂಡತಿಯ ಹೆಸರೂ ಇದೆ, ಅದು ಮುತ್ತಜ್ಜಿಯದು. ಸಾಕ್ಷಿ ಹಾಕಿದವನು ಎರಡನೆಯವನು. ಅವನ ಹೆಸರಿನ ಹಿಂದೆ ‘ನನ್ನ ಮೈದುನ’ ಎಂದಿದೆ. ತೇದಿಯ ಜಾಗದಲ್ಲಿ ಪ್ಲವಂಗ ಸಂವತ್ಸರ ಅಂತ ಮಾತ್ರ ಬರೆದಿದ್ದಾರೆ. ಇಲ್ಲೊಂದು ತಕರಾರು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಹಾಗಾಗಿ ಪ್ಲವಂಗ ಅಂದರೆ 1847 ಕೂಡ ಆಗಬಹುದು, 1907 ಕೂಡ ಆಗಬಹುದು. ಆದರೆ ಎರಡನೇ ಕಾಗದವನ್ನು ಬರೆದವರೂ ಇದೇ ಬಿಕ್ಕಲಂ (ಪತ್ರ ಬರೆದುಕೊಡುವವರು), ಕೈಬರಹವೂ ಅದೇ. ಅದರ ಮೇಲೆ 1915ರ ಮೊಹರು ಇದೆ. ಆದ್ದರಿಂದ ಭೋಗ್ಯಪತ್ರ 1907ರದೇ.

ಎರಡನೇ ಕಾಗದ ಕ್ರಯಪತ್ರ, ರಾಕ್ಷಸ ಸಂವತ್ಸರದ್ದು. ಇದರಲ್ಲಿ ‘ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೆಂತೆಂದರೆ’ ಅನ್ನುವುದಕ್ಕೂ ಮುಂಚೆ ಮುತ್ತಜ್ಜಿಯ ಹೆಸರು ಬಂದಿದೆ. ಹೆಸರಾದ ಮೇಲೆ ಹೀಗಿದೆ: ‘ಕೋಂ’ ಮೊದಲನೆಯವನು, ‘ಹಾಲಿ’ ಎರಡನೆಯವನ ‘ಕೂಡಿಕೆ’, ಮೈನರ್ ಮಗನ ಪರವಾಗಿ. ಮಾರಿದ್ದು ಅದೇ ಭೋಗ್ಯದ ಹೊಲ.

ಮೂರನೆಯದು ಆರು ವರ್ಷ ಕಳೆದ ಮೇಲಿನ ಒಂದು ಕಂದಾಯದ ರಸೀದಿ. ಅದರಲ್ಲಿ ಅದೇ ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎರಡನೆಯವನು ಎಂದಿದೆ. ನಮ್ಮ ಅಜ್ಜ ಶಾಲೆಯ ದಾಖಲೆಯಲ್ಲಿ ‘ಬಿನ್’ ಎರಡನೆಯವನು.

ಹಳೆ ಪತ್ರ ನೋಡದವರಿಗೆ ಒಂದು ಮಾತು. ಬಿನ್ ಅಂದರೆ ಇಂಥವರ ಮಗ, ಅರಬ್ಬಿಯಿಂದ ಬಂದ ಪದ. ಕೋಂ ಅಂದರೆ ಇಂಥವರ ಹೆಂಡತಿ. ಇವತ್ತಿನ ಪಹಣಿಯಲ್ಲೂ ಇವು ಬರುತ್ತವೆ. ಮರಾಠಿ ದಸ್ತಾವೇಜಿನಲ್ಲೂ ಎರಡೂ ಉಂಟು. ನನ್ನ ತಮ್ಮ ಮೊದಲು ಕೋಂ ಅನ್ನುವುದನ್ನು ಕೋಮು ಅಂದುಕೊಂಡು ಜಾತಿಯ ಕಲಂನಲ್ಲಿ ಗಂಡನ ಹೆಸರು ತುಂಬಿಬಿಟ್ಟಿದ್ದ. ಅದು ನಗುವ ವಿಷಯ, ಬಿಡಿ. ಜಗಳ ಶುರುವಾಗುವುದು ಮುಂದಿನ ಪದದಿಂದ.

ಹಳೇ ಮೋಡಿ ಬರಹದಲ್ಲಿ, ಅಂದರೆ ಬೇಗ ಬೇಗ ಬರೆಯುವ ಕೂಡಕ್ಷರದಲ್ಲಿ, ಪದಗಳ ನಡುವೆ ಜಾಗ ಬಿಡುವುದಿಲ್ಲ, ದೀರ್ಘ ಹಾಕಿದರೆ ಹಾಕಿದರು ಇಲ್ಲದಿದ್ದರೆ ಇಲ್ಲ. ನಮ್ಮ ಬಿಕ್ಕಲಂ ಬರೆದದ್ದು ನಿಜವಾಗಿ ‘ಕುಡಿಕೆ’. ಮಡಕೆ ಕುಡಿಕೆಯ ಕುಡಿಕೆ! ಒಂದು ವಾರ ನಾವು ಇದು ಯಾವುದೋ ಮನೆತನದ ಅಡ್ಡಹೆಸರು ಅಂತ ತಿಳಿದಿದ್ದೆವು. ಆಮೇಲೆ ಓದಲು ಕೊಟ್ಟ ಕಡೆ ಅದನ್ನು ಕೂಡಿಕೆ ಎಂದು ಸರಿಯಾಗಿಯೇ ಓದಿದರು. ಆದರೆ ಅರ್ಥ ಬರೆಯುವಾಗ ‘ಇಟ್ಟುಕೊಂಡವಳು’ ಎಂದು ಬರೆದು ಕಳಿಸಿದರು. ಅತ್ತೆಗೆ ಎಂಬತ್ತೇಳು ವರ್ಷ. ಅದನ್ನು ಓದಿ ಹೇಳಿದಾಗ ಅವರು ಒಂದು ದಿನ ಊಟ ಬಿಟ್ಟರು.

ಇಟ್ಟುಕೊಂಡವಳು ಅನ್ನುವುದು ಸರಿಯಲ್ಲ ಅಂತ ನನ್ನ ವಾದ. ಹಳೇ ಮೈಸೂರಿನ ಬಹಳಷ್ಟು ಕುಲಗಳಲ್ಲಿ ಕೂಡಿಕೆ ಅಂದರೆ ಗಂಡ ಸತ್ತವಳ, ಅಥವಾ ಗಂಡನಿಂದ ಬಿಡುಗಡೆ ಆದವಳ ಎರಡನೇ ಮದುವೆ. ಇದಕ್ಕೆ ಸೀರೆ ಉಡಿಕೆ ಅಂತಲೂ ಹೆಸರು. ಉತ್ತರ ಕರ್ನಾಟಕದ ಕಡೆ ಉಡಕಿ ಅನ್ನುತ್ತಾರೆ. ಮರಾಠಿಯವರು ಮೊದಲ ಮದುವೆಗೆ ಲಗ್ನ, ಎರಡನೆಯದಕ್ಕೆ ಪಾಟ ಎಂದು ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರಲ್ಲ, ಹಾಗೆಯೇ ಇದು. ಚಪ್ಪರ ಇಲ್ಲ, ವಾಲಗ ಇಲ್ಲ, ಧಾರೆ ಇಲ್ಲ. ಸಂಜೆಯೋ ರಾತ್ರಿಯೋ ಕುಲದವರನ್ನು ಕೂರಿಸಿ ವೀಳ್ಯ ಕೊಟ್ಟು, ಹೊಸ ಸೀರೆ ಉಡಿಸಿ ಮುಗಿಸುವುದು. ಮುತ್ತೈದೆಯರು ಎದುರಿಗೆ ಬರುತ್ತಿರಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿದ್ದ ಎಚ್. ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ಸಮೀಕ್ಷೆ ನಡೆಸಿದ್ದರು. ಅವರು ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅದನ್ನು ನಾಲ್ಕು ಸಂಪುಟಗಳಾಗಿ ಹೊರತಂದರು. ಅದರಲ್ಲಿ ಕೂಡಿಕೆ, ಸೀರೆ ಉಡಿಕೆ ಮತ್ತೆ ಮತ್ತೆ ಬರುತ್ತವೆ, ಮದುವೆಯ ಒಂದು ಬಗೆಯಾಗಿಯೇ. ಮರ್ಯಾದೆ ಒಂದು ಕೈ ಕಮ್ಮಿ, ನಿಜ. ಕೂಡಿಕೆಯ ಮಕ್ಕಳದು ‘ಕೂಡಿಕೆ ಸಾಲು’ ಎಂದು ಬೇರೆಯೇ ಎಣಿಸಿ, ಹೆಣ್ಣು ಕೊಡುವಾಗ ತರುವಾಗ ಹಿಂದೆ ಮುಂದೆ ನೋಡುತ್ತಿದ್ದರು. ಅತ್ತೆಗೆ ಒಂದು ನೆನಪಿದೆ. ಅಜ್ಜನಿಗೆ ಹೆಣ್ಣು ಕೇಳಲು ಹೋದಾಗ ಹೆಣ್ಣಿನ ಕಡೆಯವರು ‘ನಿಮ್ಮದು ಯಾವ ಸಾಲು?’ ಅಂತ ಕೇಳಿದ್ದರಂತೆ. ಯಾಕೆ ಹಾಗೆ ಕೇಳಿದರು ಅಂತ ಅತ್ತೆಗೆ ಯಾರೂ ಹೇಳಿರಲಿಲ್ಲ.

ತಮ್ಮನೂ ‘ಇಟ್ಟುಕೊಂಡವಳು’ ಒಪ್ಪುವುದಿಲ್ಲ. ಆದರೆ ಅವನು ಮದುವೆಯನ್ನೂ ಒಪ್ಪುವುದಿಲ್ಲ. ಅವನ ಲೆಕ್ಕ ಹೀಗೆ: ಭೋಗ್ಯಪತ್ರದಲ್ಲಿ ಎರಡನೆಯವನು ಮೊದಲನೆಯವನಿಗೆ ಮೈದುನ. ಮೈದುನ ಅಂದರೆ ಹೆಂಡತಿಯ ತಮ್ಮ. ಅಂದಮೇಲೆ ಮುತ್ತಜ್ಜಿಗೆ ಅವನು ಒಡಹುಟ್ಟಿದ ತಮ್ಮ ಆದ. ತಮ್ಮನ ಜೊತೆ ಮದುವೆ ಎಲ್ಲಿಂದ ಬಂತು? ಗಂಡ ಪ್ಲೇಗಿಗೆ ಹೋದ ಮೇಲೆ ಮಗು ಕಟ್ಟಿಕೊಂಡು ತಮ್ಮನ ಮನೆಗೆ ಬಂದಳು. ಕೂಡಿಕೆ ಅಂದರೆ ಕೂಡಿ ಇರುವುದು, ಒಟ್ಟು ಸಂಸಾರ. ರಸೀದಿಯಲ್ಲಿ ಇರುವವಳು ತಮ್ಮನ ಹೆಂಡತಿ, ಅವಳಿಗೂ ಅದೇ ಮನೆದೇವರ ಹೆಸರು. ಅಂದರೆ ನಮ್ಮ ಮುತ್ತಜ್ಜಿ ಅನ್ನುವವಳು ಕ್ರಯಪತ್ರದವಳಲ್ಲ, ರಸೀದಿಯವಳು. ಒಬ್ಬಳನ್ನು ಇಬ್ಬರು ಮಾಡಿ ಮರದ ಎರಡು ಕೊಂಬೆಗೆ ನೇತುಹಾಕಿದ್ದಾನೆ.

ಕೇಳಲು ಸರಿಯಾಗಿಯೇ ಇದೆ. ಪ್ಲೇಗಿನ ಮಾತೂ ಸುಳ್ಳಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಒಂದೇ ಸಲಕ್ಕೆ ಹೋಗಲಿಲ್ಲ, ಎಷ್ಟೋ ವರ್ಷ ಮರಳಿ ಮರಳಿ ಬಂತು. ಆದರೂ ನನಗೆ ಒಂದು ವಿಷಯ ಒಗ್ಗುತ್ತಿಲ್ಲ. ವಿಧವೆ ತವರಿನಲ್ಲಿ ಇರುವುದು ಊರಿಗೇ ಗೊತ್ತಿರುವ ಸಾಮಾನ್ಯ ಸಂಗತಿ. ಬಿಕ್ಕಲಂ ಅದಕ್ಕೆ ‘ಹಾಲಿ ವಾಸ’ ಇಂಥ ಊರು ಅಂತ ಬರೆದರೆ ಮುಗಿಯಿತು. ಕೂಡಿಕೆ ಅನ್ನುವ ಪದವನ್ನು ಹೊಲದ ಪತ್ರಕ್ಕೆ ತಂದು ಹಾಕಿದ್ದು ಯಾಕೆ? ಕೊಂಡವನ ಹುಷಾರಿಗೆ ಅಂತ ನನ್ನ ಊಹೆ. ಬ್ರಿಟಿಷರ 1856ರ ವಿಧವಾ ಪುನರ್ವಿವಾಹ ಕಾಯಿದೆಯ ಪ್ರಕಾರ ಮರುಮದುವೆ ಆದವಳಿಗೆ ಮೊದಲ ಗಂಡನ ಆಸ್ತಿಯಲ್ಲಿ ಹಕ್ಕು ಇರುತ್ತಿರಲಿಲ್ಲ. ನಮ್ಮದು ಸಂಸ್ಥಾನದ ಹಳ್ಳಿ, ಅಲ್ಲಿ ಕಾಯಿದೆಗಿಂತ ಕುಲದ ಕಟ್ಟಳೆ ಜಾಸ್ತಿ. ಕಟ್ಟಳೆ ಹೇಳುತ್ತಿದ್ದದ್ದೂ ಸಾಮಾನ್ಯವಾಗಿ ಅದನ್ನೇ: ಕೂಡಿಕೆ ಆದರೆ ಹಳೆ ಮನೆಯ ಹೊಲ, ಹಳೆ ಮನೆಯ ಗಂಡುಮಗು ಎರಡೂ ಹಳೆ ಮನೆಗೇ. ಹಾಗಾಗಿ ಹೊಲ ಮಾರುವ ಹಕ್ಕು ಅವಳದಲ್ಲ, ಮಗನದು. ನಾಳೆ ದಾಯಾದಿಗಳು ಬಂದು ‘ಕೂಡಿಕೆ ಆದವಳು ಹೇಗೆ ಮಾರಿದಳು?’ ಅಂದರೆ, ‘ಅದು ಪತ್ರದಲ್ಲೇ ಇದೆ ನೋಡಿ, ಮೈನರ್ ಮಗನ ಪರವಾಗಿ ಮಾರಿದ್ದು’ ಅನ್ನಬೇಕಲ್ಲ. ಅದಕ್ಕೇ ಕೋಂ ಮೊದಲನೆಯವನು ಎಂದೂ ಇದೆ, ಹಾಲಿ ಕೂಡಿಕೆ ಎಂದೂ ಇದೆ. ಆರು ವರ್ಷದ ಮೇಲೆ ಬರೆದ ರಸೀದಿಯಲ್ಲಿ ಹೊಲ ಬೇರೆ, ಹಳೇ ಗಂಡನ ಮಾತು ಬೇಕಾಗಿಲ್ಲ. ಆದ್ದರಿಂದ ಕೋಂ ಎರಡನೆಯವನು.

ಈ ವಾದಕ್ಕೆ ಅಡ್ಡ ನಿಂತಿರುವುದು ಮೈದುನ ಒಂದೇ. ನಾವು ಇವತ್ತು ಈ ಪದವನ್ನು ಹೆಂಡತಿಯ ತಮ್ಮ, ಗಂಡನ ತಮ್ಮ ಅನ್ನುವಲ್ಲಿಗೆ ನಿಲ್ಲಿಸಿದ್ದೇವೆ. ಅದರಲ್ಲೂ ಬೆಂಗಳೂರಿನಲ್ಲಿ ‘ಬಾಮೈದ’ ಬಂದು ಅರ್ಧ ಜಾಗ ತಗೊಂಡಿದೆ. ಹಿಂದೆ ಹಾಗಿರಲಿಲ್ಲ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಳ್ಳುವ ಪದ್ಯ ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಅಲ್ಲಿ ‘ಮೈದುನತನದ ಸರಸ’ ಅನ್ನುವ ಮಾತಿದೆ. ಕರ್ಣ ಕೃಷ್ಣನ ಹೆಂಡತಿಯ ತಮ್ಮನೇ? ಅಲ್ಲ. ಕುಂತಿ ಕೃಷ್ಣನಿಗೆ ಸೋದರತ್ತೆ, ಕರ್ಣ ಆ ಅತ್ತೆಯ ಮಗ. ಮೈದುನತನ ಬಂದದ್ದು ಆ ದಾರಿಯಿಂದ. ನಮ್ಮ ಕಡೆ ಸೋದರಮಾವನ ಮಗಳನ್ನು ತರುವುದು ವಾಡಿಕೆ ಇದ್ದದ್ದರಿಂದ ಮಾವನ ಮಗ ಹುಟ್ಟಿನಿಂದಲೇ ಮೈದುನ. ಅವನ ಅಕ್ಕನನ್ನು ತಂದರೂ ಮೈದುನ, ತರದಿದ್ದರೂ ಮೈದುನ. ಹಾಗೆ ನೋಡಿದರೆ ಎರಡನೆಯವನು ಮೊದಲನೆಯವನಿಗೆ ಅತ್ತೆಯ ಮಗನೋ ಮಾವನ ಮಗನೋ ಆಗಿರಬಹುದು. ಮುತ್ತಜ್ಜಿ ಬೇರೆ ಊರಿನ ಹೆಣ್ಣು. ಅವಳಿಗೆ ಅವನು ತಮ್ಮನೂ ಅಲ್ಲ, ಗಂಡನ ಒಡಹುಟ್ಟಿದ ತಮ್ಮನೂ ಅಲ್ಲ. ಕೂಡಿಕೆಗೆ ಯಾವ ಅಡ್ಡಿಯೂ ಇಲ್ಲ.

ತಮ್ಮ ಇದಕ್ಕೆ ‘ಕಾವ್ಯದ ಮಾತು ಶಾನುಭೋಗರ ಪತ್ರಕ್ಕೆ ಆಗುತ್ತಾ?’ ಅಂತ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ. ಸುಮಾರು ಆರುನೂರು ವರ್ಷದ ಹಿಂದಿನ ಗದುಗಿನ ಕನ್ನಡಕ್ಕೂ 1907ರ ಕೆಂಗೇರಿಯ ಕನ್ನಡಕ್ಕೂ ನಡುವೆ ದಾರಿ ದೂರ. ಅಷ್ಟೇ ಅಲ್ಲ, ತಂಗಿಯ ಗಂಡನನ್ನೂ ಮೈದುನ ಅನ್ನುವುದುಂಟು. ಎರಡನೆಯವನು ಮೊದಲನೆಯವನ ತಂಗಿಯ ಗಂಡನಾಗಿದ್ದು, ಆಮೇಲೆ ಭಾವನ ಹೆಂಡತಿಯನ್ನು ಕೂಡಿಕೆ ಮಾಡಿಕೊಂಡಿದ್ದರೆ? ಆಗ ಆ ಮನೆಯಲ್ಲಿ ಇಬ್ಬರು ಹೆಂಡಿರು ಇರಬೇಕು. ಅತ್ತೆಯ ನೆನಪಿನಲ್ಲಿ ‘ದೊಡ್ಡವ್ವ’ ಅಂತ ಒಬ್ಬರು ಬೇರೆ ಬಂದು ಹೋಗುತ್ತಾರೆ! ಅದೂ ಒಂದು ಕಷ್ಟದ ಪದ. ತಾಯಿಯ ಅಕ್ಕನೂ ದೊಡ್ಡವ್ವ, ದೊಡ್ಡಪ್ಪನ ಹೆಂಡತಿಯೂ ದೊಡ್ಡವ್ವ, ಅಪ್ಪನ ಮೊದಲ ಹೆಂಡತಿಯೂ ದೊಡ್ಡವ್ವ. ನಮ್ಮಲ್ಲಿ ಸಂಬಂಧದ ಪದಗಳು ಕರೆಯಲು ಚೆಂದ, ದಾಖಲೆಗೆ ಇಳಿಸಿದರೆ ತಲೆನೋವು.

ಹೆಳವರನ್ನು ಕೇಳಬಾರದಾ ಅಂತ ಒಬ್ಬರು ಸಲಹೆ ಕೊಟ್ಟರು. ನಮ್ಮ ಮನೆತನದ ವಂಶಾವಳಿ ಹೇಳುವ ಹೆಳವ ಕೊನೇ ಸಲ ಎತ್ತಿನ ಮೇಲೆ ಬಂದದ್ದು ದೊಡ್ಡಪ್ಪನ ಕಾಲದಲ್ಲಿ. ಆಗ ಅವನು ಗಂಡುಮಕ್ಕಳ ಹೆಸರನ್ನಷ್ಟೇ ಹಾಡಿ, ರಾಗಿ ಅಳೆಸಿಕೊಂಡು ಹೋದನಂತೆ. ಯಾರಿಗೆ ಯಾರು ತಾಯಿ ಅಂತ ಯಾರೂ ಕೇಳಲಿಲ್ಲ. ಮಾರಿದ ಹೊಲದ ಮೈನರ್ ಮಗನ ಹೆಸರು ಆ ಹಾಡಿನಲ್ಲಿ ಇರಲಿಲ್ಲ, ಅದಂತೂ ಖಚಿತ. ಅವನು ಅಪ್ಪನ ಕಡೆಯ ದಾಯಾದಿಗಳ ಮನೆಯಲ್ಲೇ ಬೆಳೆದಿರಬೇಕು. ನಮ್ಮ ಅಜ್ಜನೂ ಅವನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅನ್ನುವುದು ನನ್ನ ವಾದ ಗೆದ್ದರೆ ಮಾತ್ರ ನಿಜ. ಅವನ ಕಡೆಯವರು ಈಗಲೂ ಅದೇ ಊರಿನ ಇನ್ನೊಂದು ಬೀದಿಯಲ್ಲಿದ್ದಾರೆ. ಹಬ್ಬಕ್ಕೆ ಸಿಕ್ಕಾಗ ಮಾತಾಡುತ್ತೇವೆ, ‘ನಮಗೂ ಅವರಿಗೂ ಏನೋ ಸಂಬಂಧ ಇದೆ’ ಅನ್ನುತ್ತೇವೆ. ಏನು ಅಂತ ಎರಡೂ ಕಡೆಯವರಿಗೆ ಗೊತ್ತಿಲ್ಲ.

ನಿಮ್ಮಲ್ಲಿ ಕೇಳಬೇಕಾದದ್ದು ಇಷ್ಟು. ಬೆಂಗಳೂರು, ರಾಮನಗರ, ಕೋಲಾರ, ತುಮಕೂರು ಕಡೆಯ ಹಳೇ ಪತ್ರಗಳಲ್ಲಿ ಕೂಡಿಕೆ ಅನ್ನುವುದನ್ನು ಬರೀ ‘ಒಟ್ಟಿಗೆ ವಾಸ’ ಅನ್ನುವ ಅರ್ಥದಲ್ಲಿ ಬರೆದದ್ದನ್ನು ಯಾರಾದರೂ ಕಂಡಿದ್ದೀರಾ? ನಾನು ಒಂದೂ ನೋಡಿಲ್ಲ. ಕಂಡಿದ್ದರೆ ತಮ್ಮ ಗೆದ್ದ, ನಾನು ಸುಮ್ನಾಗುತ್ತೇನೆ. ಇನ್ನೊಂದು, ಮನೆಯಲ್ಲಿ ಭೋಗ್ಯಪತ್ರ, ಪಾಲುಪತ್ರ, ಲಗ್ನದ ಲೆಕ್ಕದ ಚೀಟಿ ಏನಾದರೂ ಇದ್ದು, ಅದರಲ್ಲಿ ಗಂಡಸೊಬ್ಬ ತನ್ನ ಸೋದರಮಾವನ ಮಗನನ್ನೋ ಅತ್ತೆಯ ಮಗನನ್ನೋ ‘ಮೈದುನ’ ಎಂದು ಬರೆಸಿದ್ದರೆ ಆ ಒಂದು ಸಾಲು ಕಳಿಸಿ. ಸಂವತ್ಸರವೂ ಬೇಕು, ಊರಿನ ಹೋಬಳಿಯೂ ಬೇಕು. ಹೆಸರುಗಳನ್ನು ಮುಚ್ಚಿಯೇ ಕಳಿಸಿ.

ಅತ್ತೆಯೂ ಒಂದು ಪ್ರಶ್ನೆ ಸೇರಿಸಲು ಹೇಳಿದ್ದಾರೆ. ಧಾರೆ ಎರೆದ ಗಂಡನಿಗೆ ‘ಕೈ ಹಿಡಿದವನು’ ಅನ್ನುತ್ತೇವಲ್ಲ, ಕೂಡಿಕೆಯ ಗಂಡನಿಗೆ ಮನೆಯೊಳಗೆ ಹೆಂಗಸರು ಏನು ಅನ್ನುತ್ತಿದ್ದರು? ಅವರ ಅಜ್ಜಿ ‘ಸೀರೆ ತಂದವನು’ ಅನ್ನುತ್ತಿದ್ದದ್ದು ಅವರಿಗೆ ಚೆನ್ನಾಗಿ ನೆನಪಿದೆಯಂತೆ. ಇಷ್ಟು ವರ್ಷ ಅದನ್ನು ಹಬ್ಬಕ್ಕೆ ಸೀರೆ ತಂದುಕೊಟ್ಟ ಮಾತು ಅಂದುಕೊಂಡಿದ್ದರು.