ಬಳ್ಳಿ ತುಂಬ ಹೂವು, ಕಾಯಿ ಮಾತ್ರ ನಿಲ್ಲುತ್ತಿಲ್ಲ. ಏನು ಮಾಡಲಿ?

ಕೇಳಿದವರು (ಬೆಂಗಳೂರು):
ಎಲ್ಲರಿಗೂ ನಮಸ್ಕಾರ. ಮೂರನೇ ಮಹಡಿಯ ತಾರಸಿಯಲ್ಲಿ ಹೀರೆ, ಸೋರೆ, ಸಿಹಿಗುಂಬಳ ಹಾಕಿದ್ದೇನೆ. ಬಳ್ಳಿ ಚೆನ್ನಾಗಿ ಹಬ್ಬಿದೆ, ದಿನಾ ಹೂವು ಬಿಡುತ್ತದೆ. ಆದರೆ ಎಲ್ಲ ಉದುರಿ ಹೋಗುತ್ತದೆ. ಅಪರೂಪಕ್ಕೆ ಬಂದ ಹೀಚು ಕೂಡ ಹಳದಿಯಾಗಿ ಒಣಗುತ್ತದೆ. ಗೊಬ್ಬರ ಜಾಸ್ತಿ ಮಾಡಬೇಕಾ? ಔಷಧಿ ಹೊಡೆಯಬೇಕಾ? ಬೆಳೆಸಿದವರು ಅನುಭವ ಹೇಳಿ.

ಶಿರಸಿಯಿಂದ:
ಅಕ್ಕ, ಗೊಬ್ಬರ, ಔಷಧಿ ಎರಡೂ ಸದ್ಯಕ್ಕೆ ಬೇಡ. ಮೊದಲು ಹೂವಿನ ಬುಡ ನೋಡಿ. ಈ ಮೂರೂ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣಿಗೆ ದಳದ ಕೆಳಗೆ ಪುಟ್ಟ ಕಾಯಿ ಇರುತ್ತದೆ. ಗಂಡಿಗೆ ಬರೀ ತೊಟ್ಟು. ಹೀರೆಯಲ್ಲಂತೂ ಗಂಡು ಹೂವು ಗೊಂಚಲಾಗಿ ಬರುತ್ತದೆ, ಹೆಣ್ಣು ಒಂಟಿಯಾಗಿ. ಶುರುವಿನಲ್ಲಿ ಒಂದೆರಡು ವಾರ ಗಂಡು ಹೂವೇ ಬಿಡುವುದು ಸಾಮಾನ್ಯ. ಅವು ಅರಳಿ ಉದುರುವುದು ರೋಗವಲ್ಲ.

ಹೀಚು ಒಣಗುವುದು ಮಾತ್ರ ಬೇರೆ ವಿಷಯ. ಪರಾಗ ಸಿಗದಿದ್ದರೆ ಹಾಗಾಗುತ್ತದೆ. ಅಷ್ಟು ಎತ್ತರದ ತಾರಸಿಗೆ ಜೇನು ಬರುವುದು ಕಡಿಮೆ ಅಲ್ವಾ? ಆ ಕೆಲಸ ನೀವೇ ಮಾಡಬೇಕು.

ಆದರೆ ಹೊತ್ತು ನೋಡಿ ಮಾಡಿ, ಇದು ತುಂಬ ಮುಖ್ಯ. ಕುಂಬಳದ ಹೂವು ನಸುಕಿನಲ್ಲೇ ಅರಳಿ, ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಹೀರೆ ಮತ್ತು ಸೋರೆ ಅರಳುವುದು ಸಂಜೆ. ಸೋರೆಯ ಬಿಳಿ ಹೂವಿಗೆ ಕತ್ತಲಾದ ಮೇಲೆ ಪತಂಗ ಬರುತ್ತವೆ. ವಿಚಿತ್ರ ಏನೆಂದರೆ, ಹೀರೆಯ ಹತ್ತಿರದ ನೆಂಟ ತುಪ್ಪದ ಹೀರೆ ಅರಳುವುದು ಬೆಳಿಗ್ಗೆ! ಹಾಗಾಗಿ ಎಲ್ಲ ಬಳ್ಳಿಗೂ ಒಂದೇ ಹೊತ್ತಿನಲ್ಲಿ ಬ್ರಷ್ ಹಿಡಿದು ಹೋದರೆ ಪ್ರಯೋಜನವಿಲ್ಲ.

ಅದೇ ಹೊತ್ತಿಗೆ ಅರಳಿದ ಗಂಡು ಹೂವು ಕಿತ್ತು, ದಳ ತೆಗೆಯಿರಿ. ನಡುವಿನ ಪುಡಿ ಬೆರಳಿಗೆ ಹಳದಿಯಾಗಿ ಅಂಟಬೇಕು. ಅದನ್ನು ಹೆಣ್ಣು ಹೂವಿನ ನಡುವಿನ ಅಂಟಂಟಾದ ಭಾಗಕ್ಕೆ ಮೆಲ್ಲಗೆ ಸವರಿ. ಕುಂಬಳದ ಪರಾಗ ಹೀರೆಗೆ ಆಗುವುದಿಲ್ಲ, ಹೀರೆಗೆ ಹೀರೆಯದ್ದೇ ಬೇಕು. ಮಳೆಗೆ ನೆನೆದ ಪರಾಗವೂ ಕೆಲಸಕ್ಕೆ ಬಾರದು. ಕಾಯಿ ಕಚ್ಚಿದರೆ ಎರಡು ಮೂರು ದಿನದಲ್ಲಿ ಹೀಚು ದಪ್ಪವಾಗುವುದು ಕಣ್ಣಿಗೇ ಕಾಣುತ್ತದೆ.

ಮಿಕ್ಕ ಗಂಡು ಹೂವು ಉದುರಲು ಬಿಡಬೇಡಿ. ಕುಂಬಳದ ಹೂವಿನ ಪೋಡಿ ಬಹಳ ರುಚಿ.

ಧಾರವಾಡದಿಂದ:
ನಮಸ್ಕಾರ ರೀ. ಮೇಲಿನವರು ಹೇಳಿದ್ದು ಖರೆ. ಯೂರಿಯಾ ಏನಾದರೂ ಹಾಕುತ್ತಿದ್ದರೆ ನಿಲ್ಲಿಸಿ. ಸಾರಜನಕ ಜಾಸ್ತಿಯಾದರೆ, ಬಿಸಿಲು ಜೋರಾದರೆ ಗಂಡು ಹೂವೇ ಹೆಚ್ಚು. ಸೋರೆಗೆ ಇನ್ನೊಂದು ಉಪಾಯ: ಮುಖ್ಯ ಬಳ್ಳಿಯ ತುದಿ ಚಿವುಟಿ. ಪಕ್ಕದ ಕವಲುಗಳು ಒಡೆಯುತ್ತವೆ, ಹೆಣ್ಣು ಹೂವು ಅವುಗಳಲ್ಲೇ ಜಾಸ್ತಿ. ಯೂಟ್ಯೂಬಿನಲ್ಲಿ ತ್ರೀ ಜಿ ಕಟಿಂಗ್ ಅಂತ ತೋರಿಸುವುದು ಇದನ್ನೇ. ಹೆಣ್ಣು ಹೂವು ಹೆಚ್ಚಿಸಲು ಎಥ್ರೆಲ್ ಎಂಬ ರಾಸಾಯನಿಕ ಹೊಡೆಯಿರಿ ಅಂತ ಯಾರಾದರೂ ಹೇಳಬಹುದು. ಹೊಲದಲ್ಲಿ ಅದನ್ನು ಸಸಿಗೆ ಎರಡರಿಂದ ನಾಲ್ಕು ಎಲೆ ಇರುವಾಗ ಸಿಂಪಡಿಸುತ್ತಾರೆ. ಹಬ್ಬಿದ ಬಳ್ಳಿಗೆ ಬೇಡ.

ಪುತ್ತೂರಿನಿಂದ:
ಕೈಯಿಂದ ಪರಾಗ ಮುಟ್ಟಿಸುವುದು ನಮ್ಮ ಕಡೆಯವರಿಗೆ ಹೊಸದಲ್ಲ. 2000ದ ಆಚೀಚೆ ವೆನಿಲ್ಲಾಕ್ಕೆ ಭಾರಿ ಬೆಲೆ ಬಂದಾಗ ಮನೆಮಂದಿಯೆಲ್ಲ ಬೆಳಿಗ್ಗೆ ಕಡ್ಡಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು. ಹೂವು ಮಧ್ಯಾಹ್ನದೊಳಗೆ ಬಾಡುತ್ತದೆ. ಒಳಗಿನ ಸಣ್ಣ ಪೊರೆ ಎತ್ತಿ, ಪರಾಗ ಒತ್ತಬೇಕು. ಈ ಸುಲಭದ ದಾರಿ ಕಂಡುಕೊಂಡವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. ಅದು 1841. ಅವನಿಗೆ ಆಗ ಹನ್ನೆರಡು ವರ್ಷ, ಗುಲಾಮನಾಗಿದ್ದ. ಇವತ್ತಿಗೂ ಜಗತ್ತಿನ ವೆನಿಲ್ಲಾ ಬೆಳೆ ನಿಂತಿರುವುದು ಆ ಹುಡುಗನ ಉಪಾಯದ ಮೇಲೆ. ಅವನ ಹೆಸರು ಎಲ್ಲರಿಗೂ ಗೊತ್ತಿರಬೇಕು ಅಂತ ನನ್ನ ಆಸೆ.

ಮುಂದೆ ಮಡಹಾಗಲ ಹಾಕುವ ಯೋಚನೆ ಇದ್ದರೆ ಒಂದು ಮಾತು ನೆನಪಿಡಿ. ಅದರಲ್ಲಿ ಬಳ್ಳಿಯೇ ಗಂಡು ಬೇರೆ, ಹೆಣ್ಣು ಬೇರೆ. ಬೀಜ ಹಾಕಿದರೆ ಯಾವುದು ಬರುತ್ತದೋ ಹೂವು ಬಿಡುವವರೆಗೆ ತಿಳಿಯದು. ಕಾಯಿ ಬಿಡುವ ಬಳ್ಳಿಯ ಗಡ್ಡೆ ಕೇಳಿ ತನ್ನಿ, ಜೊತೆಗೆ ಒಂದು ಗಂಡು ಬಳ್ಳಿಯದ್ದೂ ಇರಲಿ.

ಕೇಳಿದವರು:
ತುಂಬ ಉಪಕಾರವಾಯಿತು. ಇವತ್ತು ಸಂಜೆಯೇ ಹೀರೆ ಬಳ್ಳಿ ನೋಡುತ್ತೇನೆ. ಇನ್ನೊಂದು ಸಂಶಯ. ಬೆರಳುದ್ದ ಬೆಳೆದ ಒಂದೆರಡು ಕಾಯಿ ಸೊಟ್ಟಗಾಗಿ ಕೊಳೆತವು. ಮೇಲೆ ಚುಕ್ಕೆ, ಅದರಲ್ಲಿ ಅಂಟು. ಇದೂ ಪರಾಗದ ತೊಂದರೆಯಾ?

ಶಿರಸಿಯಿಂದ:
ಅಲ್ಲ ಅಕ್ಕ, ಅದು ಹಣ್ಣು ನೊಣ. ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಕಾಯಿ ಸೀಳಿ ನೋಡಿ, ಹುಳ ಇರುತ್ತದೆ. ಅಂಥ ಕಾಯಿಯನ್ನು ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಡಿ. ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗಿ ಕಟ್ಟಿ ಬಿಸಿಲಿಗಿಡಿ. ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ತರುವುದಾದರೆ ತರಕಾರಿ ಬಳ್ಳಿಯದು, ಅಂದರೆ ಕ್ಯೂ ಲೂರ್ ಕೇಳಿ. ಮಾವಿನದು ಬೇರೆ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಮೊಟ್ಟೆ ಇಡುವ ಹೆಣ್ಣು ಹೊರಗೇ ಉಳಿಯುತ್ತದೆ. ಆದ್ದರಿಂದ ಕಾಯಿ ಕಚ್ಚಿದ ಕೂಡಲೇ ಹೀಚಿಗೆ ಪೇಪರ್ ಚೀಲವನ್ನೋ ತೆಳು ಬಟ್ಟೆಯನ್ನೋ ಸಡಿಲವಾಗಿ ಕಟ್ಟಿಬಿಡಿ.