ಹಿತ್ತಲ ಮಾವಿನ ಮರದಲ್ಲಿ ತೂತು, ಬುಡದಲ್ಲಿ ಹೊಟ್ಟು, ಒಂದು ಕೊಂಬೆ ಒಣಗುತ್ತಿದೆ: ಉಳಿಸಬಹುದೇ?

ಪ್ರಶ್ನೆ: ಸುಮಾರು 20 ವರ್ಷದ ಬಾದಾಮಿ ಮಾವು. ಒಂದು ಕೊಂಬೆಯ ಎಲೆಗಳು ಹಳದಿಯಾಗಿ ಒಣಗಿವೆ, ಉದುರದೆ ನೇತಾಡುತ್ತಿವೆ. ನೆಲದಿಂದ ಎರಡಡಿ ಮೇಲೆ ಬೆರಳು ತೂರುವಷ್ಟು ದೊಡ್ಡ ಮೂರು ತೂತು. ಒಂದರಿಂದ ಕಂದು ರಸ ಸೋರುತ್ತಿದೆ, ಬುಡದಲ್ಲಿ ಮರದ ಪುಡಿಯಂಥ ಹೊಟ್ಟು ಬಿದ್ದಿದೆ. ಗೆದ್ದಲೇ?

ಉತ್ತರ 1: ಗೆದ್ದಲಾದರೆ ತೊಗಟೆ ಮೇಲೆ ಮಣ್ಣಿನ ಪದರ ಕಾಣಬೇಕಿತ್ತು. ಇದು ಕಾಂಡಕೊರಕ, ಬ್ಯಾಟೊಸೆರಾ ದುಂಬಿಯ ಮರಿಹುಳು. ಕಾಲಿಲ್ಲದ, ಕೆನೆಬಣ್ಣದ ಈ ಹುಳು ಬಲಿತಾಗ ಬೆರಳುದ್ದ ಇರುತ್ತದೆ. ತಿಂಗಳುಗಟ್ಟಲೆ ಒಳಗೇ ಕೊರೆಯುವುದರಿಂದ ಹೊರಗಿನ ಸಿಂಪಡಣೆ ಅದಕ್ಕೆ ತಾಗುವುದೇ ಇಲ್ಲ.

ಮೊದಲು ಮರದಲ್ಲಿ ಜೀವ ಎಷ್ಟಿದೆ ನೋಡಿ. ಕಾಂಡದ ಸುತ್ತ ನಾಲ್ಕೈದು ಕಡೆ ಚಾಕುವಿನಿಂದ ತೊಗಟೆ ಕೆರೆಯಿರಿ. ಒಳಪದರ ಹಸಿಯಾಗಿದ್ದರೆ ಆ ಭಾಗ ಬದುಕಿದೆ, ಕಂದಾಗಿ ಒಣಗಿದ್ದರೆ ಸತ್ತಿದೆ. ಅರ್ಧ ಸುತ್ತಿಗಿಂತ ಹೆಚ್ಚು ಸತ್ತಿದ್ದರೆ ಚಿಕಿತ್ಸೆಗೆ ಹಣ ಸುರಿಯಬೇಡಿ.

ಜೀವ ಇದ್ದರೆ ಹೊಟ್ಟನ್ನೆಲ್ಲ ಗುಡಿಸಿ, ತೂತುಗಳ ಬಾಯಿ ಒರೆಸಿಬಿಡಿ. ಮರುದಿನ ಬೆಳಿಗ್ಗೆ ಎಲ್ಲಿ ತಿಳಿಬಣ್ಣದ, ಒದ್ದೆಯಾದ, ನಾರುನಾರಾದ ಹೊಟ್ಟು ಬಂದಿದೆಯೋ ಆ ಸುರಂಗದಲ್ಲಿ ಹುಳು ಇದೆ. ಕಪ್ಪಗೆ ಒಣಗಿದ್ದು ಹಳೆಯದು. ಸ್ಕೂಟರ್ ಬ್ರೇಕ್ ಕೇಬಲ್‌ನ ಒಳತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ತಿರುಗಿಸುತ್ತಾ ಒಳಗೆ ತಳ್ಳಿ. ಸೈಕಲ್ ಕಡ್ಡಿ ನೇರ ಸುರಂಗಕ್ಕೆ ಮಾತ್ರ ಸರಿ, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ತುದಿಗೆ ಹಾಲಿನಂಥ ಲೋಳೆ ಅಂಟಿ ಬಂದರೆ ಹುಳು ಚುಚ್ಚಿಸಿಕೊಂಡಿದೆ. ಆಮೇಲೆ 5 ಮಿ.ಲೀ. ಪೆಟ್ರೋಲ್‌ನಲ್ಲಿ ಅದ್ದಿದ ಹತ್ತಿಯನ್ನು ಒಳಗೆ ತುರುಕಿ, ಎಲ್ಲ ತೂತುಗಳನ್ನೂ ಜೇಡಿಮಣ್ಣಿನಿಂದ ಮುಚ್ಚಿ. ಹತ್ತಿರ ಬೆಂಕಿ ಇರಬಾರದು. ಹೆಚ್ಚು ಸುರಿದರೆ ಮರಕ್ಕೇ ಪೆಟ್ಟು.

ಉತ್ತರ 2: ಹಳೆಯ ಕರಪತ್ರಗಳಲ್ಲಿ ಡೈಕ್ಲೋರ್ವಾಸ್ ಎಂಬ ಕೀಟನಾಶಕ ಹಾಕಿ ಎಂದಿರುತ್ತದೆ. ಅದು ದೇಶದಲ್ಲಿ 2020ರ ಕೊನೆಯಿಂದ ನಿಷೇಧವಾಗಿದೆ, ಹುಡುಕಬೇಡಿ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮನೆ ಪಕ್ಕದ ಮರಕ್ಕೆ ಮುಟ್ಟಲೇಬೇಡಿ, ಅದರ ಅನಿಲ ಮನುಷ್ಯರನ್ನೇ ಕೊಲ್ಲುತ್ತದೆ. ತೂತಿಗೆ ಸಿಮೆಂಟೂ ಬೇಡ. ಬಿರುಕಿನಲ್ಲಿ ನೀರು ನಿಂತು ಒಳಗೆ ಕೊಳೆಯುತ್ತದೆ.

ಪ್ರಶ್ನೆ: ಹಾಗೇ ಮಾಡಿದೆ. ವಾರದ ನಂತರ ಒಂದು ತೂತಿನ ಮಣ್ಣು ಉದುರಿ, ಹೊಟ್ಟು ಮತ್ತೆ ಬಂದಿದೆ.

ಉತ್ತರ 1: ಒಳಗೆ ಇನ್ನೊಂದು ಹುಳು ಇದೆ. ಒಂದೇ ಕಾಂಡದಲ್ಲಿ ಹಲವು ಇರುವುದು ಮಾಮೂಲು. ಅದೇ ತೂತನ್ನು ಮತ್ತೆ ತೆರೆದು ತಂತಿ ಹಾಕಿ. ಆದರೆ ಬರುತ್ತಿರುವುದು ಹಿಟ್ಟಿನಂಥ ನುಣ್ಣನೆ ಪುಡಿಯಾಗಿದ್ದು, ತೂತು ಗುಂಡುಸೂಜಿಯಷ್ಟೇ ಇದ್ದರೆ ಕಥೆ ಬೇರೆ. ಹಾಗೆ ಕೊರೆಯುವ ಬೇರೆ ಸಣ್ಣ ದುಂಬಿಗಳು ಹೆಚ್ಚಾಗಿ ಬರುವುದು ಆಗಲೇ ಸೊರಗಿದ ಮರಕ್ಕೆ, ಅಲ್ಲಿ ತಂತಿ ಕೆಲಸಕ್ಕೆ ಬರುವುದಿಲ್ಲ.

ಉತ್ತರ 2: ಒಣಗಿದ ಕೊಂಬೆಯನ್ನು ಹಸಿ ಭಾಗ ಸಿಗುವವರೆಗೆ ಕತ್ತರಿಸಿ ಕೊಳೆ ತಡೆಯುವ ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ ಕದಡಿ, ಎರಡನ್ನೂ ಮೂರನೇ ಪ್ಲಾಸ್ಟಿಕ್ ಬಕೆಟ್‌ಗೆ ಒಟ್ಟಿಗೆ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಉಳಿದದ್ದನ್ನು ಕಾಂಡಕ್ಕೆ ಬುಡದಿಂದ ಮೂರಡಿವರೆಗೆ ಬಳಿಯಿರಿ, ಮುಂಗಾರಿಗೆ ಮುಂಚೆಯೇ. ದುಂಬಿಗಳು ಹೊರಬಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುವುದು ಮಳೆ ಶುರುವಾದಾಗ.

ಕಡಿದ ಕೊಂಬೆಯನ್ನು ಸೌದೆಯೆಂದು ಮೂಲೆಯಲ್ಲಿ ಪೇರಿಸಬೇಡಿ, ಅದರೊಳಗಿನ ಹುಳು ದುಂಬಿಯಾಗಿ ಬಂದು ಇದೇ ಮರ ಹತ್ತುತ್ತದೆ. ಬೇಗ ಉರಿಸಿ ಮುಗಿಸಿ. ಇಡೀ ಮರ ತೆಗೆಯುವ ಪರಿಸ್ಥಿತಿ ಬಂದರೆ ಕೊಡಲಿ ಹಾಕುವ ಮುನ್ನ ಮರ ಕಡಿಯಲು ಅನುಮತಿ ಕೊಡುವ ನಿಮ್ಮೂರಿನ ವೃಕ್ಷಾಧಿಕಾರಿಯನ್ನು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಹಿತ್ತಲಿಗೂ ಅನ್ವಯಿಸಬಹುದು.